ಸೇವೆ ಮಾಡಲು ಹೊರಟ ನಾಗಾರ್ಜುನ

ನಾಗಾರ್ಜುನ ಓದುವುದನ್ನೆಲ್ಲ ಓದಿ ಮುಗಿಸಿದ್ದ. ಸೇವೆಯೊಂದು ಬಾಕಿ ಉಳಿದಿತ್ತು.

ಪುಣೆಯ ಕಡೆ ಬೆಟ್ಟದ ಮೇಲೊಂದು ಕಾಲೇಜು. ನಮ್ಮ ಪಿಯುಸಿಯ ಹಾಗೇ ಎರಡು ವರ್ಷ, ಆದರೆ ಅಲ್ಲಿನ ಡಿಪ್ಲೊಮಾವನ್ನು ಪ್ರಪಂಚವೆಲ್ಲ ಒಪ್ಪುತ್ತದಂತೆ. ಎಸ್ಸೆಸ್ಸೆಲ್ಸಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿಗೇ ಮೊದಲು ಬಂದ ಇವನಿಗೆ ಅಲ್ಲಿ ಪುಕ್ಕಟೆ ಸೀಟು ಸಿಗುವ ಹಾಗಿತ್ತು. ಅದಕ್ಕಾಗಿ ತೊಂಬತ್ತೆಂಟರ ಬೇಸಿಗೆಯಿಡೀ ಇಂಗ್ಲಿಷ್ ನಾಟಕ ಓದಿದ, ಫ್ರೆಂಚ್ ಉರು ಹೊಡೆದ. ಗೊತ್ತಿರುವುದು ನಮಗೆ ಗೊತ್ತಿದೆಯೆಂದು ಗೊತ್ತಾಗುವುದು ಹೇಗೆ ಎಂಬ ದಪ್ಪ ಪುಸ್ತಕ ಓದಿ, ಮೊದಲು ಗೊತ್ತಿದ್ದದ್ದನ್ನೂ ಮರೆತ. ಕಣ್ಣು ಗುಳಿ ಬಿದ್ದವು. ಇಷ್ಟಾದರೂ ಆ ಕಾಲೇಜಿನವರಿಗೆ ಸಾಲದು, ಊರಿಗೆ ಕೈಯಾರೆ ಸೇವೆ ಮಾಡಿರಬೇಕಂತೆ! ಅದನ್ನು ವಿಚಾರಿಸಲು ಕಾಲೇಜಿನ ಪರವಾಗಿ ಮೈಸೂರಿನ ಮೇಡಂ ಒಬ್ಬರು ಇವತ್ತು ಸಂಜೆ ಇವನ ಊರು ಕಿರಂಗೂರಿಗೇ ಬರುವವರಿದ್ದರು. ನಾಳೆ ನಾಳೆ ಎಂದು ತಳ್ಳಿಕೊಂಡು ಬಂದ ಸೇವೆಯನ್ನು ಪಾಪ, ಒಂದೇ ಹಗಲಲ್ಲಿ ಮುಗಿಸಬೇಕಾಗಿತ್ತು.

ಬೆಳಿಗ್ಗೆ ಎದ್ದವನೇ ಬೋರ್‌ವೆಲ್ ಹತ್ತಿರ ಸಿದ್ದಲಿಂಗಮ್ಮಜ್ಜಿಯ ಬಿಂದಿಗೆಗೆ ಕೈ ಹಾಕಿದ.

"ಬುಡ್ಲಾ ಮಗ! ಓದೋ ಉಡ್ಗ ಬಿಂದ್ಗೆ ಒರ್ತಾನಾ? ಎಂಗ್ ಸೊರಗೋಗಿದ್ದೀಯ ನೋಡು!" ಅಜ್ಜಿ ಬಿಂದಿಗೆಯನ್ನು ತಾನೇ ಸೊಂಟಕ್ಕೇರಿಸಿ, ಇನ್ನೊಂದು ಕೈಯಲ್ಲಿ ಅವನನ್ನೂ ಎಳೆದುಕೊಂಡು ಹೋಗಿ ಮೂರು ಅಕ್ಕಿರೊಟ್ಟಿ ತಿನ್ನಿಸಿ ಕಳಿಸಿದಳು.

ಅಲ್ಲಿಂದ ಮರಿಯಯ್ಯನ ಕಬ್ಬಿನ ಗದ್ದೆಗೆ ಹೋಗಿ ಗುದ್ದಲಿ ಹಿಡಿದ.

"ಮಡಗ್ಲಾ ಗುದ್ಲಿಯ! ಕೈ ಬೊಬ್ಬೆ ಎದ್ರೆ ಪೆನ್ನು ಎಂಗ್ಲಾ ಇಡೀತೀಯ?" ಎಂದು ಮರಿಯಯ್ಯ ಅವನನ್ನು ನೆರಳಿಗೆ ಕೂರಿಸಿ ಎರಡು ಎಳನೀರು ಕುಡಿಸಿದ.

ಗೌಸ್‌ನ ಸೈಕಲ್ ಶಾಪಿನಲ್ಲಿ ಕಸಪೊರಕೆ ಎತ್ತಿಕೊಂಡ. "ಅರೆ ಬೇಟಾ, ನಿನ್ ಕೈಲಿ ಕಸ ಗುಡ್ಸಿದ್ರೆ ಊರವರು ನನ್ನ ಬಿಡ್ತಾರಾ?" ಎಂದ ಗೌಸ್, ಟೀ ಬನ್ನು ತರಿಸಿದ.

ಕೊನೆಗೆ ಮಂಚಮ್ಮನ ಸಗಣಿ ಮಂಕರಿಗೆ ಕೈ ಹಾಕಿದ. ಅವಳು ಕೊಡಲಿಲ್ಲ, ಇವನು ಬಿಡಲಿಲ್ಲ. ಎಳೆದಾಟದಲ್ಲಿ ಮಂಕರಿ ಅವನ ತಲೆಯ ಮೇಲೇ ಮಗುಚಿಕೊಂಡಿತು. ಅಯ್ಯೋ ನನ್ನಪ್ಪಾ ಎಂದು ಮಂಚಮ್ಮ ನೀರು ಕಾಯಿಸಿ ಸ್ನಾನ ಮಾಡಿಸಿ, ಎರಡು ಮುದ್ದೆ ಉಣ್ಣಿಸಿದಳು.

ಸಂಜೆಯಾಗುವ ಹೊತ್ತಿಗೆ ಹೊಟ್ಟೆ ನಗಾರಿಯಾಗಿ ಅವನು ತನ್ನ ಮನೆಯ ಜಗಲಿಯ ಮೇಲೆ ಬಿದ್ದುಕೊಂಡು ನರಳತೊಡಗಿದ. ನಾಲ್ಕೂ ಜನ ಓಡಿಬಂದರು. ಅಜ್ಜಿ ಓಮದ ಕಷಾಯ ಕಾಯಿಸಿದಳು, ಮರಿಯಯ್ಯ ಕಾಲು ಒತ್ತಿದ.

"ಸೇವೆ ಮಾಡ್ದಿದ್ರೆ ಸೀಟ್ ಸಿಕ್ಕಲ್ಲ ಕಣಜ್ಜಿ. ಓದಿದ್ದೆಲ್ಲ ದಂಡ. ನೀವು ಒಬ್ರೂ ಮಾಡಾಕೆ ಬುಡ್ನಿಲ್ಲ," ಎಂದು ಹುಡುಗ ಅತ್ತೇಬಿಟ್ಟ. ಸಾಕುಸಾಕಾಗಿ ಹೋಗಿತ್ತು ಅವನಿಗೆ.

"ಅಷ್ಟೇಯಾ? ಮೊದ್ಲೇ ಯೋಳಬಾರ್ದಾ? ನಾವಿಲ್ವಾ!" ಎಂದಳು ಅಜ್ಜಿ.

ಅಷ್ಟರಲ್ಲಿ ಕಾರು ಬಂತು. "ಏನಾಗಿದೆ ಹುಡುಗನಿಗೆ?" ಎನ್ನುತ್ತ ಮೇಡಂ ಇಳಿದರು.

"ಸೇವೆ ಮಾಡೀ ಮಾಡೀ ಇಂಗಾಗವ್ನೆ ಕಣವ್ವ. ಊರ್ಗೆಲ್ಲ ನೀರೊತ್ತಾಕೋನು ಇವ್ನೇಯ," ಎಂದಳು ಅಜ್ಜಿ.

"ನನ್ ಕಬ್ಬಿನ ಗದ್ದೆ ಕಳೆ ಪೂರಾ ಇವ್ನೇ ಕಿತ್ತವ್ನೆ," ಎಂದ ಮರಿಯಯ್ಯ.

"ಇವ್ನಿಲ್ಲಾಂದ್ರೆ ನನ್ ಶಾಪೇ ಬಂದ್ ಮೇಡಂ," ಎಂದ ಗೌಸ್.

ಮಂಚಮ್ಮ ಹಿಂದೆ ಬೀಳುವವಳೇ? "ಮೊನ್ನೆ ನಮ್ಮೆಮ್ಮೆ ಈಯುವಾಗ ಕರ ಎಳ್ದಿದ್ದೂ ಇವ್ನೇಯ!"

"ಇಲ್ಲ ಮೇಡಂ, ನಾನು ಏನೂ..." ಎಂದು ಬಾಯಿ ತೆರೆದವನ ಬಾಯಿಗೆ ಅಜ್ಜಿ ಕಷಾಯದ ಲೋಟ ಇಟ್ಟಳು. "ನೋಡಿ, ಯೋಳ್ಕಳಾಕೂ ನಾಚ್ಕೆ!"

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಥ ಹುಡುಗನ್ನ ನಾನು ನೋಡೇ ಇಲ್ಲ," ಎಂದರು. ನಾಲ್ವರ ಮುಖವೂ ಅರಳಿತು. "ಇವನನ್ನ ಕರ್ಕೊಂಡು ಹೋದ್ರೆ ನಿಮ್ಮ ಗತಿ ಏನು? ನೀರು ಹೊರೋರ್ಯಾರು, ಕಳೆ ಕೀಳೋರ್ಯಾರು? ನಾವು ಕಲಿಸೋ ಸೇವೆ ಇವನು ಆಗ್ಲೇ ಕಲಿತಿದ್ದಾನೆ. ಊರಿಂದ ಇವನನ್ನ ಕಿತ್ಕೊಳ್ಳೋ ಪಾಪ ನಮಗೆ ಬೇಡ. ಆ ಸೀಟು ಬೇರೆಯವರಿಗೆ ಕೊಡ್ತೀವಿ."

ಕಾರು ಹೊರಟುಹೋಯಿತು. ನಾಗಾರ್ಜುನ ಗೋಡೆ ಕಡೆ ತಿರುಗಿ ಮಲಗಿದ.

"ಓಗ್ಲಿ ಬುಡ್ಲಾ ಮಗ. ಪಟ್ಣದಲ್ಲಿ ಕಾಲೇಜಿಲ್ವಾ?" ಎಂದು ಅಜ್ಜಿ ಅವನ ಬೆನ್ನು ಸವರಿದಳು. ಆಮೇಲೆ ಏನೋ ಜ್ಞಾಪಿಸಿಕೊಂಡು, "ಅಂಗಾರೆ ಈಗ ಓದೋದೇನೂ ಇಲ್ಲ, ಅಲ್ವಾ? ಸುಮ್ಕೆ ಯಾಕ್ ಬಿದ್ಕಂಡಿದ್ದೀಯ? ಏಳು, ಒಂದೆಲ್ಡು ಬಿಂದ್ಗೆ ನೀರೊತ್ತಾಕು," ಎಂದಳು.

"ಅದಾದ್ಮೇಲೆ ಗದ್ದೆ ತಾವ ಬಾರ್ಲಾ. ಗುದ್ಲಿ ಅಲ್ಲೇ ಮಡಗಿದ್ದೀನಿ," ಎಂದ ಮರಿಯಯ್ಯ.