ಭಾವನ ಸೈಕಲ್ಲಿನ ಹಿಂದಿನ ಗಾಲಿ

ನನ್ನ ಭಾವನಷ್ಟು ಸುಳ್ಳು ಹೇಳಿದ ಮನುಷ್ಯ ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಕೋರ್ಟಿನಲ್ಲಿ ಸುಳ್ಳು ಹೇಳುವವರುಂಟು, ಮದುವೆ ಕುದುರಿಸುವಾಗ ಹೇಳುವವರುಂಟು. ಆದರೆ ಸೈಕಲ್ಲಿನ ಕಡ್ಡಿ ಮುರಿದಾಗಲೆಲ್ಲ, ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳದೆ, ವರ್ಷಗಟ್ಟಲೆ ಹೊಸ ಹೊಸ ಸುಳ್ಳು ಹೆಣೆದವರನ್ನು ನೀವು ಕಂಡಿದ್ದೀರಾ?

ಐವತ್ತರ ದಶಕದ ಕೊನೆಯ ಮಾತು. ನನ್ನ ಅಕ್ಕ ಸಿದ್ಧಕಟ್ಟೆಯ ಕಡೆ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ನಮ್ಮ ಕುಟುಂಬದಲ್ಲಿ ಸಂಬಳ ತಂದ ಮೊದಲ ಹೆಂಗಸು! ನಾನು ಹೊಲಿಗೆ ಕಲಿಯುವ ನೆವದಲ್ಲಿ ಅವಳ ಮನೆಯಲ್ಲೇ ಠಿಕಾಣಿ ಹೂಡಿದ್ದೆ. ಶಾಲೆ ದೂರ, ಬಸ್ಸು ಬಂದರೆ ಬಂತು. ಭಾವ ದಿನಾ ಬೆಳಿಗ್ಗೆ ಅಕ್ಕನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು, ಸಂಜೆ ಕರೆತರುತ್ತಿದ್ದರು. ಅಕ್ಕ ತುಸು ಪುಷ್ಟಿಯಾದವಳು. ರಸ್ತೆಯೋ, ಬರೀ ಕಲ್ಲು. ಹಿಂದಿನ ಗಾಲಿಯ ಕಡ್ಡಿಗಳು ಟಪ್ ಟಪ್ಪೆಂದು ಮುರಿಯುತ್ತಲೇ ಇದ್ದವು.

"ನನ್ನ ಭಾರಕ್ಕೇ ಮುರಿಯುವುದಾದರೆ ನಾನು ಕೆಲಸ ಬಿಡ್ತೇನೆ. ಊರಿನವರ ನಗು ಸಾಕು" ಎಂದು ಅಕ್ಕ ಒಂದು ದಿನ ಅಂದಳು. ಅವಳು ಅಂದರೆ ಅಂದಂತೆ ಮಾಡುವವಳು. ಭಾವನ ಸುಳ್ಳುಗಳು ಶುರುವಾದದ್ದು ಅಂದಿನಿಂದ.

ಮೊದಲು ಬಂದದ್ದು ಕಡಲ ಗಾಳಿ. ಉಪ್ಪು ಗಾಳಿಗೆ ಕಡ್ಡಿ ತುಕ್ಕು ಹಿಡಿಯಿತಂತೆ.

"ಕಡಲು ಎಲ್ಲುಂಟು ಭಾವ? ಅದು ಮಂಗಳೂರಿನಲ್ಲಿ" ಎಂದೆ.

"ಗಾಳಿಗೆ ಇಲ್ಲಿಗೆ ಬರ್ಲಿಕ್ಕೆ ಬಸ್ಸು ಬೇಕಾ ಮಾರಾಯ್ತಿ?"

ಮತ್ತೊಮ್ಮೆ ಇಲಿ ಕಡಿಯಿತು. ಉಕ್ಕಿನ ಕಡ್ಡಿಯನ್ನು! ಅಕ್ಕ ಅದನ್ನೂ ನಂಬಿದಂತೆ ಮಾಡಿ ಇಲಿಬೋನು ಇಟ್ಟಳು. ಮುರಿದ ಕಡ್ಡಿಗಳಿಗಂತೂ ನಮ್ಮ ಮನೆಯಲ್ಲಿ ಬೇಕಾದಷ್ಟು ಕೆಲಸ. ದೀಪದ ಬತ್ತಿ ಮುಂದೆ ದೂಡುವುದು, ಕೆಂಡದ ಮೇಲೆ ಹಪ್ಪಳ ಮಗುಚುವುದು, ಪಾಯಿಜಾಮಕ್ಕೆ ಲಾಡಿ ಪೋಣಿಸುವುದು, ಎಲ್ಲ ಅದರಲ್ಲೇ.

ಆಮೇಲೆ ಅವರಿಗೆ ಹೊಳೆದದ್ದು ಶ್ರುತಿ. ಭಾವ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುವವರು. ಕಡ್ಡಿಗಳ ಬಿಗಿ ಸಮ ಇಲ್ಲದ್ದೇ ರೋಗ ಎಂದು ಸೈಕಲ್ಲನ್ನು ಚಾವಡಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಕೂತರು. ನಾನು ತಿದಿ ಒತ್ತುವುದು, ಅವರು ಒಂದು ಕೈಯಲ್ಲಿ ಸ್ವರ ಹಿಡಿಯುವುದು, ಇನ್ನೊಂದು ಕೈಯಲ್ಲಿ ಕಡ್ಡಿ ಮೀಟುವುದು, ಸ್ವರ ಸೇರುವವರೆಗೆ ತಿರುಚುವುದು. ಇಡೀ ಭಾನುವಾರ ಹೀಗೇ ಹೋಯಿತು. ಗಾಲಿ ಎಷ್ಟು ಚೆನ್ನಾಗಿ ನುಡಿಯಿತೆಂದರೆ ನಾನೇ ತಲೆದೂಗಿದೆ. ಸೋಮವಾರ ಶಾಲೆ ಮುಟ್ಟುವುದರೊಳಗೆ ಮೂರು ಕಡ್ಡಿ ಹೋಗಿತ್ತು. ಭಜನೆಯಲ್ಲಿ ಏರು ಶ್ರುತಿಯೇ ಬೇಕೆನ್ನುವ ಮನುಷ್ಯ, ಗಾಲಿಯನ್ನೂ ಅಲ್ಲಿಗೇ ಏರಿಸಿದ್ದರು.

ಕೊನೆಗೆ ಮೂಡಬಿದಿರೆಯ ಸೈಕಲ್ ಅಂಗಡಿಗೆ ಹೋದರು. ಪೇಟೆಗೆ ಬಂದಿದ್ದ ನಾನೂ ಜೊತೆಗಿದ್ದೆ.

"ಹಿಂದೆ ಏನು ಹೇರ್ತೀರಿ?" ಅಂಗಡಿಯವನು ಕೇಳಿದ.

"ತೆಂಗಿನಕಾಯಿ."

ಅವನು ಗಾಲಿ ತಿರುಗಿಸಿ ನೋಡಿ, "ತೆಂಗಿನಕಾಯಿ ಹೀಗೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತುಕೊಳ್ಳುವುದಿಲ್ಲ ಸ್ವಾಮಿ. ಮೀನು ಹೊರುವವರ ಸೈಕಲ್ಲಿಗೆ ಹಾಕುವ ದಪ್ಪ ಕಡ್ಡಿಯ ಗಾಲಿ ಉಂಟು, ಅದನ್ನು ಹಾಕುವ" ಎಂದ.

ಭಾವನ ಮುಖ ಕೆಂಪಾಯಿತು. "ನನ್ನ ಹೆಂಡತಿ ಏನು ಮೀನಿನ ಬುಟ್ಟಿಯಾ?" ಎಂದವರೇ ಹೊರಟುಬಿಟ್ಟರು. ತೆಂಗಿನಕಾಯಿ ಎಂದಿದ್ದು ಅವರಿಗೆ ನೆನಪೇ ಇರಲಿಲ್ಲ.

ಆ ಮಳೆಗಾಲದಲ್ಲಿ ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನವೇ ನಡುದಾರಿಯಲ್ಲಿ ಗಾಲಿ ಸೊಟ್ಟಗಾಗಿ ನಿಂತಿತು. ಅಕ್ಕ ಕೆಸರಲ್ಲಿ ನಡೆದು ಶಾಲೆ ತಲುಪುವಾಗ ಅವಳ ತರಗತಿಯಲ್ಲಿ ಇನ್‌ಸ್ಪೆಕ್ಟರು ಕೂತಾಗಿತ್ತು. ಸಂಜೆ ಮನೆಗೆ ಬಂದವಳು ಸೀರೆಯ ಕೆಸರನ್ನೂ ತೊಳೆಯಲಿಲ್ಲ.

"ಸೋಮವಾರದಿಂದ ನಾನು ಹೋಗುವುದಿಲ್ಲ. ಯಾಕೆ ಮುರಿಯುತ್ತದೆ ಅಂತ ನನಗೆ ಗೊತ್ತಿಲ್ವಾ? ನೀವು ಸುಮ್ಮನೆ ಕಷ್ಟಪಟ್ಟು ಕತೆ ಕಟ್ಟಬೇಡಿ."

ಮಾರನೆಯ ದಿನ ಭಾವ, ಮೂಡಬಿದಿರೆಯವನಿಗೆ ಮುಖ ತೋರಿಸಲಾಗದೆ, ಬಂಟ್ವಾಳಕ್ಕೆ ಹೋಗಿ ಅಂಥದ್ದೇ ದಪ್ಪ ಕಡ್ಡಿಯ ಗಾಲಿ ಹಾಕಿಸಿಕೊಂಡು ಬಂದರು. ಸೋಮವಾರ ಬೆಳಿಗ್ಗೆ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, "ಕೂತುಕೋ. ಶಾಲೆಯಲ್ಲಿ ನಿನ್ನ ಮಕ್ಕಳು ಕಾಯ್ತಾ ಇದ್ದಾರೆ" ಎಂದರು. ಅಕ್ಕ ಗಾಲಿಯನ್ನು ನೋಡಿದಳು, ಅವರನ್ನು ನೋಡಿದಳು, ಹತ್ತಿ ಕೂತಳು.

ಕಡ್ಡಿ ಮುರಿಯಲಿಲ್ಲ. ಆದರೆ ಗಾಲಿಯ ಭಾರಕ್ಕೆ ಶಾಲೆಯ ಹತ್ತಿರದ ಏರಿನಲ್ಲಿ ಭಾವನ ಉಸಿರೇ ನಿಂತಂತಾಯಿತು. ಆ ಗಾಲಿ ಏನು ಮಾಡುತ್ತದೋ ನೋಡಲು ಬಸ್ಸಿನಲ್ಲಿ ಬಂದು ಏರಿನ ಬುಡದಲ್ಲಿ ಇಳಿದು, ಹಿಂದೆ ನಡೆಯುತ್ತಿದ್ದ ನನಗೂ ಅವರ ಏದುಸಿರು ಕೇಳುತ್ತಿತ್ತು. ಅಕ್ಕ ಥಟ್ಟನೆ ಹಾರಿ ಇಳಿದಳು. ಅವರೂ ಇಳಿಯಲು ನೋಡಿದರೆ, "ನೀವು ಇಳಿಯಬೇಡಿ" ಎಂದು ಗದರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಕ್ಯಾರಿಯರ್ ದೂಡತೊಡಗಿದಳು. ಗಂಡ ಸೀಟಿನ ಮೇಲೆ, ಟೀಚರು ಹಿಂದೆ! ಶಾಲೆಯ ಮಕ್ಕಳು ಸಾಲಾಗಿ ನಿಂತು ನೋಡಿದರು.

"ಏನಿದು, ಹೆಂಡತಿಯಿಂದ ದೂಡಿಸುವುದಾ?" ದಾರಿಯ ಅಂಗಡಿಯವನು ಕೇಳಿದ.

"ಹೌದು. ಅವಳಿಗೆ ಅಷ್ಟು ಶಕ್ತಿ ಉಂಟು" ಎಂದರು ಭಾವ, ತಲೆ ಎತ್ತಿ.

ಅಂಥ ಭಾವ ನಮಗೆ ಸಿಕ್ಕಿದರಲ್ಲ ಎಂದು ನನ್ನ ಕಣ್ಣು ತುಂಬಿತು. ಏರು ಮುಗಿದ ಮೇಲೆ ಅಕ್ಕ ಮತ್ತೆ ಹತ್ತಿ ಕೂತಳು. ಅಷ್ಟು ವರ್ಷ ಸೀಟಿನ ಸ್ಪ್ರಿಂಗನ್ನೇ ಹಿಡಿದು ಕೂರುತ್ತಿದ್ದವಳು, ಆ ದಿನ ಊರೆಲ್ಲ ನೋಡುತ್ತಿದ್ದಂತೆಯೇ ಭಾವನ ಸೊಂಟ ಬಳಸಿ ಹಿಡಿದುಕೊಂಡಳು.