ಸಕ್ಕರೆಗೆ ಮೂರು ತಿಂಗಳ ವಾಯಿದೆ

ಹೆತ್ತೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ರೈಟರ್ ಆಗಿ ಆಳುಗಳ ಹಾಜರಿ, ಕೆಲಸ ನೋಡಿಕೊಂಡಿರುವ ನನಗೆ ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವೇ ಇಲ್ಲ. ಸಕ್ಕರೆ ಕಾಯಿಲೆ ಬಂದ ಮೇಲಂತೂ ಅವು ಹಾಜರಿಗೆ ಬರುವ ಆಳುಗಳ ಹಾಗೆ ಬೆಳಗ್ಗೆ ಎಂಟಕ್ಕೆ ತಾವಾಗೇ ಬಂದು ನಿಲ್ಲುತ್ತವೆ.

ಕಾಯಿಲೆ ಗೊತ್ತಾದ ದಿನ ಸಕಲೇಶಪುರದ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. "ಮಾತ್ರೆ ಕೊಡ್ತೀನಿ, ಊಟದ ಜೊತೆ ತಗೊಳ್ಳಿ. ಮೂರು ತಿಂಗಳು ನೋಡೋಣ. ಇಳೀಲಿಲ್ಲ ಅಂದ್ರೆ ಇಂಜೆಕ್ಷನ್. ದಿನಾ ಹೊಟ್ಟೆಗೆ ನೀವೇ ಚುಚ್ಕೋಬೇಕು."

ನನಗೆ ಕಾಯಿಲೆಯ ಭಯ ಅಷ್ಟಿರಲಿಲ್ಲ. ಸೂಜಿಯ ಭಯ ವಿಪರೀತ. ಕಾಲಿಗೆ ಮುಳ್ಳು ಚುಚ್ಚಿದರೂ ತೆಗೆಯುವವಳು ನನ್ನ ಹೆಂಡತಿ, ಗೋಡೆ ಕಡೆ ಮುಖ ಮಾಡಿ ಕೂರುವವನು ನಾನು. ಹೇಗಾದರೂ ಮಾಡಿ ಮೂರು ತಿಂಗಳಲ್ಲಿ ಸಕ್ಕರೆ ಇಳಿಸಲೇಬೇಕು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿದೆ.

ಐದು ನಿಮಿಷ

ಊಟದ ಜೊತೆ ಎಂದಿದ್ದರು. ಹಾಜರಿಗೆ ಹೊತ್ತಾಯಿತೆಂದು ನಾನು ಖಾಲಿ ಹೊಟ್ಟೆಗೇ ಮಾತ್ರೆ ನುಂಗಿ, ಮೇಲೊಂದು ಲೋಟ ಕಾಫಿ ಕುಡಿದು ಹೊರಟೆ. ಮೂರನೇ ದಿನವೋ ನಾಲ್ಕನೇ ದಿನವೋ, ಹಾಜರಿ ಮುಗಿಯುವುದರೊಳಗೆ ಹೊಟ್ಟೆಯಲ್ಲಿ ಗುಡುಗು ಶುರುವಾಯಿತು. ಆವತ್ತೇ ನಮ್ಮ ತೋಟಕ್ಕೆ ಕಾಡಾನೆ ಇಳಿದಿತ್ತು. ಮೊಬೈಲಿಗೆ ಸಂದೇಶ ಬಂದು, ಆಳುಗಳನ್ನೆಲ್ಲ ರಸ್ತೆಯಲ್ಲೇ ನಿಲ್ಲಿಸಿದ್ದೆವು. ನಾನೊಬ್ಬನೇ ಕಾಫಿ ಗಿಡಗಳ ಕಡೆ ಸರಸರ ನಡೆದೆ.

ಅರಣ್ಯ ಇಲಾಖೆಯ ವಾಚರ್ ಓಡಿ ಬಂದು ಅಡ್ಡ ನಿಂತ. "ರೈಟ್ರೇ, ಒಳಗೆ ಒಂಟಿ ಸಲಗ ಐತೆ. ಹೋಗ್ಬ್ಯಾಡಿ."

"ಐದೇ ನಿಮಿಷ ಕಣಪ್ಪ."

"ಐದು ನಿಮಿಷದಾಗೆ ಏನು ಬೇಕಾದ್ರೂ ಆಗ್ಬುಡ್ತದೆ."

"ಅದಕ್ಕೇ ಮಾರಾಯ ಹೋಗ್ತಾ ಇರೋದು" ಎಂದು ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದೆ.

ನಾನು ಕೂತಿದ್ದ ಜಾಗಕ್ಕೂ ಆನೆ ನಿಂತಿದ್ದ ಜಾಗಕ್ಕೂ ನಾಲ್ಕು ಸಾಲು ಗಿಡ. ಅದು ಹಲಸಿನಕಾಯಿ ತಿನ್ನುವ ಸದ್ದು ನನಗೆ ಕೇಳುತ್ತಿತ್ತು. ನನ್ನ ಸದ್ದು ಅದಕ್ಕೂ ಕೇಳಿರಬೇಕು, ತಿನ್ನುವುದನ್ನು ಒಮ್ಮೆ ನಿಲ್ಲಿಸಿತು. ಅಷ್ಟರಲ್ಲಿ ವಾಚರ್ ಪಟಾಕಿ ಹೊಡೆದ. ಆನೆ ಗಿಡ ಮುರಿದುಕೊಂಡು ಬಿಸಿಲೆ ಕಾಡಿನ ಕಡೆ ಓಡಿತು. ನಾನು ಓಡುವ ಸ್ಥಿತಿಯಲ್ಲಿ ಇರಲಿಲ್ಲ.

ಹೊರಗೆ ಬಂದು ಮೊಬೈಲ್ ನೋಡಿದರೆ ಆನೆ ಸುದ್ದಿಯ ವಾಟ್ಸಾಪ್ ಗುಂಪಿಗೆ, ಸುತ್ತಲ ಊರಿನವರೆಲ್ಲ ಓದುವ ಗುಂಪಿಗೆ, ವಾಚರ್ ಆಗಲೇ ಬರೆದು ಹಾಕಿದ್ದ: "ಆನೆ ರಸ್ತೆ ದಾಟಿದೆ. ರೈಟರು ಇನ್ನೂ ಎದ್ದಿಲ್ಲ."

ಅನ್ನ ಬಿಟ್ಟದ್ದು

ಅನ್ನ ಕಡಿಮೆ ಮಾಡಿ ಎಂದೂ ಡಾಕ್ಟರಮ್ಮ ಹೇಳಿದ್ದರು. ನನ್ನ ಹೆಂಡತಿ ಮಾತಿಗೆ ತಪ್ಪುವವಳಲ್ಲ. ಮಾರನೇ ದಿನದಿಂದಲೇ ಮನೆಯಲ್ಲಿ ನನಗೆ ಅನ್ನ ಬಂದ್ ಆಯಿತು. ಬೆಳಗ್ಗೆ ಅಕ್ಕಿ ರೊಟ್ಟಿ ನಾಲ್ಕು, ಮಧ್ಯಾಹ್ನ ಕಡುಬು ಎಂಟು, ಸಂಜೆಗೆ ಒತ್ತು ಶಾವಿಗೆ.

ಒಂದು ವಾರ ತಿಂದ ಮೇಲೆ ನನಗೇ ಅನುಮಾನ ಬಂತು. "ಅಲ್ಲ ಕಣೇ, ಇದೆಲ್ಲಾ ಅಕ್ಕೀದೇ ಅಲ್ವಾ?"

"ಡಾಕ್ಟ್ರು ಏನಂದ್ರು? ಅನ್ನ ಅಂದ್ರು ತಾನೇ? ನಿಮ್ಮ ತಟ್ಟೇಲಿ ಒಂದು ಅಗುಳು ಅನ್ನ ಐತಾ, ತೋರ್ಸಿ ನೋಡಾಣ" ಎಂದಳು.

ನಾನು ತಟ್ಟೆ ನೋಡಿದೆ. ಕಡುಬಿನ ಪಕ್ಕದಲ್ಲಿ ಹಂದಿ ಸಾರು ಇತ್ತು. ಅಂಥ ಹೊತ್ತಲ್ಲಿ ವಾದ ಮಾಡುವ ಅಭ್ಯಾಸ ನನಗಿಲ್ಲ.

ಹೊನ್ನೆ ಲೋಟ

ಆನೆ ಪ್ರಸಂಗ ಆದ ಮೇಲೆ ನಾನು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟೆ. ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ದಿನಾ ನೂರು ಜನರ ಎದುರು ಹೊಟ್ಟೆ ಹಿಡಿದುಕೊಂಡು ಓಡುವವನ ಮಾತನ್ನು ಯಾವ ಆಳು ಕೇಳುತ್ತಾನೆ?

ನಾಟಿ ಮದ್ದು ಹುಡುಕತೊಡಗಿದೆ. ಸುದ್ದಿ ಹೇಗೋ ಆಳುಗಳ ಲೈನ್ ಮನೆಗಳಿಗೆ ಮುಟ್ಟಿ, ಒಬ್ಬಳು ಹಾಗಲಕಾಯಿ ರಸ ತಂದಳು, ಒಬ್ಬ ನೇರಳೆ ಬೀಜದ ಪುಡಿ ತಂದ, ಇನ್ನೊಬ್ಬ ಹೆಸರೇ ಗೊತ್ತಿಲ್ಲದ ಸೊಪ್ಪಿನ ಹೊರೆ ತಂದು ಆಫೀಸಿನ ಕಿಟಕಿಯಲ್ಲಿಟ್ಟ. ಆ ಸೊಪ್ಪನ್ನು ಮೇಸ್ತ್ರಿಯ ಆಡು ತಿಂದಿತು. ಮಾರನೇ ದಿನ ಮೇಸ್ತ್ರಿ ಬಂದು, "ಆಡು ಮಂಕಾಗೈತೆ ರೈಟ್ರೇ, ಅದಕ್ಕೆ ಸಕ್ಕರೆ ಇಳಿದೈತೆ ಅಂತ ಕಾಣ್ತದೆ. ಒಂಚೂರು ಬೆಲ್ಲ ಇದ್ರೆ ಕೊಡಿ" ಎಂದ. ಕೊಟ್ಟೆ.

ಕೊನೆಗೆ ಎಲ್ಲರೂ ಒಪ್ಪಿದ ಮದ್ದು ಹೊನ್ನೆ ಮರದ ಲೋಟ. ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯಬೇಕು, ನೀರು ಕೆಂಪಗಾದರೆ ಮದ್ದು ಇಳಿದಿದೆ ಎಂದು ಲೆಕ್ಕ. ಬೆಳಗೋಡಿನ ಬಡಗಿಯೊಬ್ಬನಿಗೆ ಹೇಳಿ ಮಾಡಿಸಿದೆ. ಮೊದಲ ದಿನವೇ ನೀರು ಎಂಥ ಕೆಂಪಾಯಿತೆಂದರೆ, ನನ್ನ ಹೆಂಡತಿ ಕೈ ಮುಗಿದಳು. ಒಂದು ತಿಂಗಳು ಬಿಡದೆ ಕುಡಿದೆ. ಬಾಯಿ ಸದಾ ಹೊಸ ಮರದ ಬೀರುವಿನ ವಾಸನೆ ಹೊಡೆಯುತ್ತಿತ್ತು. ಮದ್ದೆಂದ ಮೇಲೆ ಹಾಗೇ ಇರುತ್ತದೆ ಎಂದುಕೊಂಡೆ.

ಸಂತೆಯಲ್ಲಿ ಬಡಗಿ ಸಿಕ್ಕಿದ. "ಲೋಟ ಹೆಂಗೈತೆ ರೈಟ್ರೇ?"

"ಭೇಷಾಗಿದೆ ಕಣಯ್ಯ. ನೀರು ಒಳ್ಳೇ ಕೆಂಪಗೆ ಬರ್ತದೆ."

"ಬರ್ಬೇಕಲ್ಲ, ಎರಡು ಕೋಟು ಪಾಲಿಶ್ ಹೊಡ್ದಿವ್ನಿ. ಹೊನ್ನೆ ಕಡಿದ್ರೆ ಫಾರೆಸ್ಟ್‌ನೋರು ಹಿಡ್ಕೊಂಡು ಹೋಗ್ತಾರೆ ಅಂತ ತೋಟದ ಸಿಲ್ವರ್ ಓಕ್ ಮರದಾಗೆ ಮಾಡ್ದೆ. ನೀವು ಟೇಬಲ್ ಮ್ಯಾಲೆ ಪೆನ್ನು ಇಡಾಕೆ ಅಂದ್ಕೊಂಡಿದ್ದೆ."

ಒಳಗಿನ ಬ್ಲಾಕು

ಮೂರು ತಿಂಗಳು ತುಂಬಲು ಎರಡು ದಿನ ಉಳಿಯಿತು. ಆಗ ನಿಜವಾಗಿ ಹೆದರಿದೆ. ಆಲೂರಿನಲ್ಲಿರುವ ನನ್ನ ಸೋದರಮಾವ ಈ ಕಾಯಿಲೆಯನ್ನು ಅಸಡ್ಡೆ ಮಾಡಿ ಕಾಲಿನ ಎರಡು ಬೆರಳು ಕಳೆದುಕೊಂಡಿದ್ದ. ಅದೂ ನೆನಪಾಯಿತು, ಸೂಜಿಯೂ ನೆನಪಾಯಿತು. ಎರಡು ದಿನ ನೀರು ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ವಾಯಿದೆಯ ಹಿಂದಿನ ದಿನವೇ ಹೋಗಿ ರಕ್ತ ಕೊಟ್ಟು, ಕಣ್ಣು ಮುಚ್ಚಿಕೊಂಡೇ ಕೊಟ್ಟು, ಮಾರನೇ ದಿನ ಚೀಟಿ ಹಿಡಿದು ಡಾಕ್ಟರಮ್ಮನ ಮುಂದೆ ಕೂತೆ.

ಅವರು ಚೀಟಿ ನೋಡಿದರು. "ಮೊದಲಿಗಿಂತ ಜಾಸ್ತಿ ಆಗಿದೆಯಲ್ರೀ."

"ಎರಡು ದಿನದಿಂದ ಊಟವೇ ಮಾಡಿಲ್ಲ ಮೇಡಂ. ಜಾಸ್ತಿ ಹೇಗಾಗ್ತದೆ?" ಎಂದುಬಿಟ್ಟೆ.

ಅವರು ಚೀಟಿ ಕೆಳಗಿಟ್ಟು ನಕ್ಕರು. ಅವರ ಅಪ್ಪನ ಮನೆಯವರು ಮಂಗಳೂರು ಕಡೆಯಿಂದ ಬಂದು ಇಲ್ಲಿ ತೋಟ ಮಾಡಿದವರು. "ರೈಟ್ರೇ, ನಾನೂ ಎಸ್ಟೇಟಲ್ಲಿ ಬೆಳೆದವಳೇ. ಅಪ್ಪ ತೋಟ ನೋಡೋಕೆ ಬರ್ತಾರೆ ಅಂತ ಗೊತ್ತಾದ್ರೆ ನಮ್ಮ ರೈಟರು ಎರಡು ದಿನ ಮುಂಚೆ ಜೀಪ್ ರಸ್ತೆ ಪಕ್ಕದ ಬ್ಲಾಕಲ್ಲಿ ಮಾತ್ರ ಕಳೆ ಹೊಡೆಸ್ತಿದ್ರು. ನೀವು ಮಾಡಿರೋದು ಅದೇ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಈ ಪರೀಕ್ಷೆ ಜೀಪಲ್ಲಿ ಕೂತು ನೋಡೋದಲ್ಲ. ಒಳಗಿನ ಬ್ಲಾಕಿಗೆ ಇಳಿದು ಮೂರು ತಿಂಗಳ ಕಳೆ ನೋಡುತ್ತೆ."

ಆ ಕ್ಲಿನಿಕ್ಕಿನಲ್ಲಿ ಮುಂದಿನ ಸರದಿಯವರು ಒಳಗೇ ಬೆಂಚಿನ ಮೇಲೆ ಕೂರುವ ಪದ್ಧತಿ. ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಆ ಕೆಮ್ಮು ನನಗೆ ಇಪ್ಪತ್ತೆರಡು ವರ್ಷದಿಂದ ಪರಿಚಯ. ತಿರುಗಿ ನೋಡಿದರೆ ನಮ್ಮ ಎಸ್ಟೇಟಿನ ಸಾಹುಕಾರರು, ಬಿಪಿ ತೋರಿಸಲು ಬಂದವರು.

"ಡಾಕ್ಟ್ರೇ," ಎಂದರು ಅವರು ನಿಧಾನವಾಗಿ, "ಆ ಪರೀಕ್ಷೆ ಎಸ್ಟೇಟಿಗೂ ಮಾಡಾಕಾಗ್ತದಾ?"

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಡಾಕ್ಟರಮ್ಮನಿಗೆ ಮಾತ್ರೆಯ ವಿಷಯ, ಸಾಹುಕಾರರಿಗೆ ನಾನೂ ರಸ್ತೆ ಪಕ್ಕದಲ್ಲಿ ಮಾತ್ರ ಹೊಡೆಸುತ್ತಿದ್ದ ಕಳೆಯ ವಿಷಯ. ಡಾಕ್ಟರಮ್ಮ ಸರಿಯಾಗಿ ಬೈದು, ನಿಧಾನವಾಗಿ ಕರಗುವ, ಹೊಟ್ಟೆಗೆ ಅಷ್ಟು ತೊಂದರೆ ಕೊಡದ ಮಾತ್ರೆ ಬರೆದು, ತಿಂಡಿ ತಿಂದೇ ನುಂಗಬೇಕೆಂದು ಎರಡೆರಡು ಸಲ ಹೇಳಿ, ಇನ್ನೂ ಮೂರು ತಿಂಗಳ ವಾಯಿದೆ ಕೊಟ್ಟರು. ಸಾಹುಕಾರರು ಯಾವ ವಾಯಿದೆಯನ್ನೂ ಕೊಡಲಿಲ್ಲ. ಮಾರನೇ ದಿನ ಬೆಳಗ್ಗೆಯೇ ಜೀಪನ್ನು ಗೇಟಿನಲ್ಲಿ ಬಿಟ್ಟು, "ನಡೀರಿ ರೈಟ್ರೇ, ಒಳಗಿನ ಬ್ಲಾಕಿಂದ ಶುರು ಮಾಡಾಣ" ಎಂದರು.

ಮೂರು ತಿಂಗಳು ದಿನವೂ ಗುಡ್ಡ ಹತ್ತಿ ಇಳಿದೆವು. ನಾನು ಮುಂದೆ, ಅವರು ಹಿಂದೆ. ನಾನೇ ಮರೆತಿದ್ದ ಬ್ಲಾಕುಗಳನ್ನೆಲ್ಲ ಅವರು ಹುಡುಕಿ ನೋಡಿದರು. ಮತ್ತೆ ಇಬ್ಬರೂ ಒಂದೇ ದಿನ ಕ್ಲಿನಿಕ್ಕಿಗೆ ಹೋದೆವು. ನನ್ನ ಸಕ್ಕರೆ ಇಳಿದಿತ್ತು, ಇಂಜೆಕ್ಷನ್ ಬೇಡ ಎಂದರು. ಖುಷಿಯಲ್ಲಿ ನನ್ನ ಕಣ್ಣು ತುಂಬಿತು.

ಆಮೇಲೆ ಸಾಹುಕಾರರ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ಅದು ಮೇಲೆ ಹೋಗಿತ್ತು. ಡಾಕ್ಟರಮ್ಮ ಇನ್ನೊಂದು ಸಲ ನೋಡಿ, ಮಾತ್ರೆ ಹೆಚ್ಚಿಸಿ, "ಸ್ವಲ್ಪ ದಿನ ಊರ ರಸ್ತೇಲಿ ವಾಕಿಂಗ್ ಮಾಡಿ. ತೋಟ ಮಾತ್ರ ಜೀಪಲ್ಲೇ ಕೂತು ನೋಡಿ" ಎಂದರು.