ಏರಿಯ ಮೇಲಿನ ಆ ಒಂದೇ ಒಂದು ಕೊಕ್ಕರೆಯ ಬಗ್ಗೆ

ಇದನ್ನು ಓದುತ್ತಿರುವ ನೀವು ಯಾರೇ ಆಗಿರಿ, ಮೊದಲು ನೆಟ್ಟಗೆ ಕುಳಿತುಕೊಳ್ಳಿ. ಮುದುಕಿಯ ಕಾಗದವೆಂದು ಬೋಂಡಾ ಕಟ್ಟಲು ಎತ್ತಿಡಬೇಡಿ, ಮೂರನೇ ಕ್ಲಾಸಿನವಳ ಅಕ್ಷರವೆಂದು ಮೂಗು ಮುರಿಯಬೇಡಿ.

ಹಕ್ಕಿಗಳ ಲೆಕ್ಕ ಇಡುವ ಆ್ಯಪಿನ ಪರಿಶೀಲಕ ಮಹಾಶಯರಾದ ಮಾನ್ಯರೇ,

ಮಂಡಿಕಲ್ ಹೋಬಳಿಯಿಂದ ಪೆದ್ದಮ್ಮ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ; ನಮ್ಮ ಕೆರೆ ಏರಿಯ ಹುಣಸೆ ಮರಗಳು ಮಾತ್ರ ಈ ತಿಂಗಳ ಕೊನೆಯವರೆಗೆ ಕ್ಷೇಮ. ಆಮೇಲೆ ಅವನ್ನು ಕಡಿದು ವಾಕಿಂಗ್ ಪಾತ್ ಮಾಡುತ್ತಾರಂತೆ, ಅದಕ್ಕೆ ತಾವು ದಯಪಾಲಿಸಿದ ದಾಖಲೆಯೇ ಆಧಾರವಂತೆ.

ನಡೆದದ್ದು ಇಷ್ಟು. ಆ ಮರಗಳ ತುಂಬ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿವೆ. ಕಂಡ ಹಕ್ಕಿಯನ್ನು ತಮಗೆ ಬರೆದು ಕಳಿಸಿದರೆ ಗೂಡಿಗೆ ರಕ್ಷಣೆ ಸಿಗುತ್ತದೆಂದು ನನ್ನ ಸೊಸೆ ಯಾಮಿನಿ ಫೋನಿನಲ್ಲಿ ತಮ್ಮ ಆ್ಯಪ್ ತೆರೆದಳು. ಹಕ್ಕಿಯ ಹೆಸರು ಕೇಳಿದಿರಿ, ಕೊಟ್ಟೆವು. ಜಾಗ ಕೇಳಿದಿರಿ, ಕೊಟ್ಟೆವು. ಎಷ್ಟು ಎಂದು ಕೇಳಿದಿರಿ. ಮಾನ್ಯರೇ, ಗೂಡಿನಲ್ಲಿ ಮರಿ ಇರುವಾಗ ಎಷ್ಟು ಎಂದು ಯಾರಾದರೂ ಕೇಳುತ್ತಾರೆಯೇ? ನಮ್ಮ ಮನೆಯಲ್ಲಿ ರೇಷ್ಮೆ ಹುಳುವನ್ನೂ ಎಣಿಸುವುದಿಲ್ಲ. ಬೆಳೆ ಶಿಡ್ಲಘಟ್ಟದ ಮಾರ್ಕೆಟ್ಟು ಮುಟ್ಟುವವರೆಗೆ ‘ಇದೆಯಪ್ಪ ಒಂದಿಷ್ಟು’ ಎನ್ನುತ್ತೇವೆಯೇ ಹೊರತು ಬಾಯಿಬಿಟ್ಟು ಲೆಕ್ಕ ಹೇಳಿ ದೃಷ್ಟಿ ತಗುಲಿಸಿಕೊಳ್ಳುವುದಿಲ್ಲ. ಹಾಗಾಗಿ ‘ದೇವರು ಕೊಟ್ಟಷ್ಟು’ ಎಂದು ಬರೆಸಿದೆ. ತಮ್ಮ ಆ್ಯಪೋ, ಅಂಕಿ ಬಿಟ್ಟು ಬೇರೇನನ್ನೂ ಮುಟ್ಟದಷ್ಟು ಮಡಿವಂತ. ‘ನಂಬರ್ ಹಾಕ್ದಿದ್ರೆ ಮುಂದಕ್ಕೇ ಹೋಗಲ್ವಂತೆ ಅತ್ತೆ’ ಎಂದಳು ಯಾಮಿನಿ. ಸರಿ, ಒಂದು ಅಂತ ಹಾಕು, ಒಂದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂದೆ.

ತಾವು ಅದನ್ನು ತಲೆಬಾಗಿ ಒಪ್ಪಿಕೊಂಡಿರಿ. ಈಗ ಪಂಚಾಯ್ತಿ ಮೆಂಬರು ಗಂಗುಲಪ್ಪ ಆ ದಾಖಲೆಯನ್ನು ಊರೆಲ್ಲ ತೋರಿಸಿಕೊಂಡು, ‘ಒಂದೇ ಹಕ್ಕಿ ಕಣಮ್ಮೋ, ನೀನೇ ಬರ್ಸಿದ್ದೀಯ, ಇನ್ನೊಂದ್ ಮರ ನೋಡ್ಕೊಳ್ತದೆ ಬಿಡು’ ಎಂದು ಹಲ್ಲು ಕಿರಿಯುತ್ತಾನೆ.

ಆ ಒಂದು ಹಕ್ಕಿಯ ಮಹಿಮೆಯನ್ನಾದರೂ ತಾವು ತಿಳಿಯಬೇಕು. ಅದು ಏಕಕಾಲಕ್ಕೆ ಎಲ್ಲ ಕೊಂಬೆಗಳಲ್ಲೂ ಕೂರುತ್ತದೆ, ಕೆರೆಯಲ್ಲಿ ಮೀನು ಹಿಡಿಯುತ್ತಲೇ ಗೂಡಿನಲ್ಲಿ ಬಾಯಿ ತೆರೆದು ಕಾಯುತ್ತದೆ, ಕಡ್ಡಿಗಾಗಿ ತನ್ನೊಡನೆ ತಾನೇ ಜಗಳವಾಡುತ್ತದೆ. ಇಡೀ ಏರಿಗೆ ಸುಣ್ಣ ಹೊಡೆದಿದೆ, ಗಂಗುಲಪ್ಪನ ಬೈಕನ್ನೂ ಬಿಟ್ಟಿಲ್ಲ. ಇಂಥ ಪ್ರತಿಭೆಗೆ ಚಿಂತಾಮಣಿಯಲ್ಲೊಂದು ಸಭೆ ಕರೆದು, ಆ ಉದ್ದ ಕತ್ತಿಗೆ ಸಾಲುವಂಥ ಹಾರ ಹಾಕಬೇಕೆಂದು ಕೋರುತ್ತೇನೆ.

ದಯವಿಟ್ಟು ತಿದ್ದಿ ಎಂದು ಬರೆಸಿದ್ದಕ್ಕೆ, ಸರಿಯಾದ ಸಂಖ್ಯೆ ಕಳಿಸಿ ಎಂದು ತಮ್ಮ ಯಂತ್ರ ಮತ್ತೆ ಕೇಳಿತು. ಅದರ ತಾಳ್ಮೆ ನಮ್ಮ ಅತ್ತೆಯವರಿಗೂ ಇರಲಿಲ್ಲ. ಆದ್ದರಿಂದ ತಮ್ಮ ಅಂಕಿಗಳ ಪಕ್ಕದಲ್ಲಿ ‘ಮರ ತುಂಬ’ ಎಂಬುದೊಂದನ್ನು ಸೇರಿಸಿ. ಅದಾಗದಿದ್ದರೆ ಖುದ್ದು ಬಂದು, ಎಣಿಸುವ ಪಾಪವನ್ನು ತಾವೇ ಹೊತ್ತುಕೊಳ್ಳಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಮರಿಗಳ ದೃಷ್ಟಿ ತೆಗೆಯುವುದು ನನ್ನ ಪಾಲಿಗಿರಲಿ. ಬಿಸಿ ಮುದ್ದೆಯೂ ಸಿಗುತ್ತದೆ, ಎಷ್ಟು ಉಂಡಿರೆಂದು ಕೇಳುವುದಿಲ್ಲ.

ಈ ತಿಂಗಳ ಮಟ್ಟಿಗೆ ತಮ್ಮ ವಿಶ್ವಾಸಿ,
ಪೆದ್ದಮ್ಮ

ಮರೆತಿದ್ದ ಮಾತು: ತಾವು ಬಾರದಿದ್ದರೆ ನಾನೇ ತಮ್ಮ ಆಫೀಸಿಗೆ ಬರುತ್ತೇನೆ. ಬಾಗಿಲಲ್ಲಿ ಕೂತು, ತಮ್ಮ ತಮ್ಮ ಮನೆಯ ಮಕ್ಕಳು ಮೊಮ್ಮಕ್ಕಳನ್ನು ಹೆಸರು ಹಿಡಿದು ಗಟ್ಟಿಯಾಗಿ ಎಣಿಸುತ್ತೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ.